ತ್ಸೆವೆಲ್ ಹೇಳುವ ದಿನ

ಶಾರ್‌ಹಾದ್ ಕಣಿವೆಯಲ್ಲಿ ಆಡು ಬಾಚುವ ದಿನವನ್ನು ಹೇಳುವವಳು ತ್ಸೆವೆಲ್. ಯಾರೂ ಅವಳನ್ನು ಆ ಕೆಲಸಕ್ಕೆ ನೇಮಿಸಿಲ್ಲ. ಇಪ್ಪತ್ತು ವರ್ಷಗಳಿಂದ ಅವಳು ಹೇಳಿದ ದಿನ ತಪ್ಪಿಲ್ಲ, ಅಷ್ಟೆ. ಹಾಗಾಗಿ ಸುತ್ತಲಿನ ಮೂರು ಸಂಸಾರಗಳು ವಸಂತ ಬಂತೆಂದರೆ ಬಾಚಣಿಗೆ ಕೈಗೆತ್ತಿಕೊಳ್ಳುವ ಮೊದಲು ಅವಳ ಗುಡಾರದ ಕಡೆ ನೋಡುತ್ತವೆ.

ಅದು ಸಣ್ಣ ಮಾತಲ್ಲ. ಚಳಿಗಾಲವಿಡೀ ಮೇಲ್ಗೂದಲಿನ ಅಡಿಯಲ್ಲಿ ಬೆಳೆದ ನವಿರಾದ ಒಳತುಪ್ಪಳ, ಇವರು ಮಾರಿ ಬದುಕುವ ಉಣ್ಣೆ, ವಸಂತದಲ್ಲಿ ತಾನಾಗಿ ಚರ್ಮ ಬಿಡುತ್ತದೆ. ಬಿಡುವ ಮೊದಲೇ ಬಾಚಿದರೆ ಆಡಿನ ಮೈ ಗೀರಿ ರಕ್ತ ಬರುತ್ತದೆ. ಹಿಂದೆಯೇ ಹಿಮಗಾಳಿ ಬೀಸಿದರೆ ಬತ್ತಲಾದ ಆಡು ಬದುಕುವುದಿಲ್ಲ. ತಡಮಾಡಿದರೆ ವರ್ಷದ ದುಡಿಮೆ ಮುಳ್ಳುಪೊದೆಗೆ ಸಿಕ್ಕಿ ಗಾಳಿಪಾಲು. ಇವೆರಡರ ನಡುವೆ ಸಿಗುವುದು ಒಂದು ವಾರ, ಹೆಚ್ಚೆಂದರೆ ಹತ್ತು ದಿನ.

ಅವಳಿಗೆ ಈಗ ಐವತ್ತೆಂಟು. ಹಿಂಡುಗಳೆಲ್ಲ ಸರ್ಕಾರದ ಸಾಮೂಹಿಕ ಸಂಘದ್ದಾಗಿದ್ದ ಕಾಲದಲ್ಲಿ ಹುಟ್ಟಿದವಳು. ಏಳನೇ ವಯಸ್ಸಿಗೆ ತಾಯಿ ಬಾಚುವಾಗ ಆಡಿನ ಕೊಂಬು ಹಿಡಿದು ಕೂರುತ್ತಿದ್ದಳು. ಸಂಘ ಒಡೆದು ಪ್ರಾಣಿಗಳನ್ನು ಹಂಚಿದಾಗ ಅವಳಿಗೂ ಗಂಡ ಜಮ್ಯಾನನಿಗೂ ಮೂವತ್ತೊಂದು ಆಡು ಬಂದವು. ಎರಡು ಕೆಟ್ಟ ಚಳಿಗಾಲಗಳು ಹಿಂಡನ್ನು ಹತ್ತೊಂಬತ್ತಕ್ಕೆ ಇಳಿಸಿದವು. ಆ ಹತ್ತೊಂಬತ್ತರಿಂದಲೇ ಇಂದಿನ ಮುನ್ನೂರು. ಜಮ್ಯಾನ್ ತೀರಿಕೊಂಡು ಆರು ವರ್ಷ. ಒಬ್ಬನೇ ಮಗ ದಷ್‌ನ್ಯಾಮ್ ಒಂಟೆಗಳನ್ನು ಹೊಡೆದುಕೊಂಡು ದಕ್ಷಿಣಕ್ಕೆ ಹೋಗಿದ್ದ, ಬಾಚುವ ಹೊತ್ತಿಗೆ ಬರುವವನಿದ್ದ. ಮನೆಯಲ್ಲಿದ್ದವಳು ಅವನ ಹೆಂಡತಿ ಚಿಮೆಗ್. ಎರಡು ಶರತ್ಕಾಲದ ಹಿಂದೆ ಜಿಲ್ಲಾ ಪಟ್ಟಣದ ಔಷಧಿ ಅಂಗಡಿ ಬಿಟ್ಟು ಬಂದ ಹುಡುಗಿ.

ಈ ವರ್ಷ ಮಾರ್ಚಿನಲ್ಲಿ ತ್ಸೆವೆಲ್ ಏರಿದ್ದ ಕುದುರೆಯ ಮುಂಗಾಲು ಬಿಲವೊಂದರೊಳಗೆ ಇಳಿಯಿತು. ಕುದುರೆಗೆ ಏನೂ ಆಗಲಿಲ್ಲ. ಅವಳ ಬಲ ಮಣಿಕಟ್ಟು ಮುರಿಯಿತು. ಬೆರಳ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರ್ ಬಿತ್ತು. ಬಾಚುವ ಕೆಲಸ ಸೊಸೆಯ ಪಾಲಿಗೆ ಬಂತು; ದಿನ ಹೇಳುವ ಕೆಲಸ ಮಾತ್ರ ತನ್ನದೇ ಎಂದು ತ್ಸೆವೆಲ್ ಇಟ್ಟುಕೊಂಡಳು. "ಎಡಗೈಗೂ ಐದು ಬೆರಳಿವೆ," ಎಂದಳು.

ಏಪ್ರಿಲ್‌ನ ಒಂದು ಬೆಳಿಗ್ಗೆ ಬಿಸಿಲು ಚೆನ್ನಾಗಿ ಬಿದ್ದಿತ್ತು. ತ್ಸೆವೆಲ್ ಗುಡಾರದ ಬಾಗಿಲಲ್ಲಿ ಪುಟ್ಟ ಮಣೆ ಹಾಕಿಕೊಂಡು ಕೂತಳು. ಹತ್ತಿರ ಬಂದ ಆಡುಗಳ ಕಿವಿಯ ಹಿಂದೆ, ಭುಜದ ಮೇಲೆ, ಪಕ್ಕೆಯಲ್ಲಿ ಬೆರಳು ಹೊಗಿಸಿದಳು. ಒಂದಲ್ಲ, ಏಳು ಆಡು ನೋಡಿದಳು. ಏಳರಲ್ಲೂ ತುಪ್ಪಳ ಹಾಲಿನ ಕೆನೆಯಂತೆ ಎದ್ದು ಬರುತ್ತಿತ್ತು. ದಿಬ್ಬ ಹತ್ತಿದರೆ ಮಾತ್ರ ಫೋನು ಹಿಡಿಯುತ್ತದೆ. ಹತ್ತಿದಳು. ಎರಡು ಮನೆಗೆ "ನಾಳೆ" ಎಂದು ಹೇಳಿದಳು. ಮೂರನೆಯವನು ಮುದುಕ ಗೊಂಬೊ. ಅವನ ಫೋನು ಯಾವತ್ತೂ ಸತ್ತಿರುತ್ತದೆ. ಆ ದಾರಿಯಲ್ಲಿ ಹೊರಟಿದ್ದ ಬೈಕಿನವನ ಕೈಯಲ್ಲಿ ಹೇಳಿ ಕಳಿಸಿದಳು.

ಮಧ್ಯಾಹ್ನ ಚಿಮೆಗ್ ಹಿಂಡನ್ನು ದೊಡ್ಡಿಗೆ ತಂದಳು. ಒಳಗೆ ಬಂದವಳು ಚಹಾ ಬಗ್ಗಿಸಿಕೊಳ್ಳದೆ ನಿಂತಳು.

"ಅತ್ತೆ, ಬೆಳಿಗ್ಗೆ ಯಾವ್ಯಾವ ಆಡು ಮುಟ್ಟಿದ್ರಿ?"

"ಕೈಗೆ ಸಿಕ್ಕಿದ್ದು. ಯಾಕೆ?"

"ಕಿವಿ ಹರಿದಿರೋ ಬಿಳೀದು, ಬೂದಿ ಬಣ್ಣದವು ಎರಡು, ಆ ಕೊಂಬು ಮುರುಕಿ..."

"ಹೂಂ, ಅವೇ."

"ಅವೆಲ್ಲ ಜನವರಿ ಫೆಬ್ರವರಿ ಎರಡು ತಿಂಗಳು ಇಲ್ಲೇ ನಮ್ಮ ಒಲೆ ಪಕ್ಕ ಮಲಗಿದ್ದವು ಅತ್ತೆ. ಬಡಕಲಾಗಿದಾವೆ, ಒಳಗೆ ಕಟ್ಟು ಅಂದ್ರಲ್ಲ. ಅವುಗಳ ಉಚ್ಚೆ ಬಳಿದೋಳು ನಾನು, ನಂಗೆ ಗುರುತು ಸಿಗಲ್ವಾ? ದೊಡ್ಡಿ ನಡುವೆ ಇರೋವನ್ನ ಮುಟ್ಟಿ ನೋಡಿ. ಗೋಂದು ಹಾಕಿ ಅಂಟಿಸಿದ ಹಾಗಿದೆ."

"ನೀನು ಮುಟ್ಟೋದು ಕಲಿತು ಹದಿನೈದು ದಿನ ಆಗಿಲ್ಲ ಕಣೇ."

"ಆಗಿಲ್ಲ. ಅದಕ್ಕೇ ಒಂದೊಂದನ್ನೂ ಎರಡೆರಡು ಸಲ ಮುಟ್ಟಿದೆ."

ತ್ಸೆವೆಲ್ ಎದ್ದಳು. ಕೈ ಮುರಿದ ಮೇಲೆ ಅವಳು ದೊಡ್ಡಿಯ ಒಳಗೆ ಕಾಲಿಟ್ಟಿರಲಿಲ್ಲ. ನೂಕುನುಗ್ಗಲಿನಲ್ಲಿ ಪ್ಲಾಸ್ಟರಿಗೆ ಏಟು ಬಿದ್ದೀತೆಂದು ವೈದ್ಯರು ಹೆದರಿಸಿದ್ದರು. ಈಗ ಚಿಮೆಗ್ ಮುಂದೆ ನಿಂತು ಕೊಂಬುಗಳನ್ನು ಅತ್ತಿತ್ತ ತಳ್ಳಿ ದಾರಿ ಮಾಡಿದಳು. ತ್ಸೆವೆಲ್ ನಟ್ಟನಡುವಿನ ಒಂದು ಕರಿ ಆಡಿನ ಪಕ್ಕೆಗೆ ಬೆರಳಿಟ್ಟಳು. ಆಮೇಲೆ ಇನ್ನೊಂದು. ಹೀಗೆ ಹತ್ತು ಆಡು ನೋಡಿದಳು. ಬೇರು ಇನ್ನೂ ಭದ್ರವಾಗಿತ್ತು. ಒಲೆಯ ಶಾಖ ಉಂಡ ಆಡುಗಳು ಹತ್ತು ದಿನ ಮೊದಲೇ ತುಪ್ಪಳ ಬಿಟ್ಟಿದ್ದವು. ಒಲೆಯ ಋಣಕ್ಕೆ ಬಾಗಿಲಲ್ಲೇ ಸುಳಿದಾಡುವವು, ಕರೆಯದೆ ಕೈ ನೆಕ್ಕಲು ಬರುವವೂ ಅವೇ.

"ಬೈಕಲ್ಲಿ ಪೆಟ್ರೋಲ್ ಇದೆಯೇನೇ?" ಎಂದಳು.

ದಿಬ್ಬದ ಮೇಲಿಂದ ಮೊದಲಿನ ಎರಡು ಮನೆಗೆ ಫೋನು ಹೋಯಿತು. ಗೊಂಬೊನಲ್ಲಿಗೆ ಖುದ್ದು ಹೋಗಬೇಕಿತ್ತು. ಬೈಕು ಒದೆಯುವ ಮೊದಲು ಚಿಮೆಗ್ ಮೆಲ್ಲಗೆ ಕೇಳಿದಳು:

"ಗಾಳಿ ತಿರುಗೋ ಹಾಗಿದೆ, ಅದಕ್ಕೆ ಬೇಡ ಅಂದ್ರೆ ಸಾಕಲ್ವಾ ಅತ್ತೆ? ಇಪ್ಪತ್ತು ವರ್ಷದ ಮಾತು ನಿಮ್ಮದು."

"ಗಾಳಿ ಮೇಲೆ ಯಾಕೆ ಹಾಕ್ಲಿ, ಗಾಳಿ ಏನು ಮಾಡಿತ್ತು? ಈ ಸಲ ನಾನು ಗಾಳಿ ಅಂದ್ರೆ, ಮುಂದಿನ ವರ್ಷ ಅವರು ಆಡು ಬಿಟ್ಟು ಆಕಾಶ ನೋಡ್ಕೊಂಡು ಬಾಚ್ತಾರೆ. ನಡಿ."

ಹನ್ನೆರಡು ಕಿಲೋಮೀಟರು. ಪ್ಲಾಸ್ಟರಿನ ಕೈಯನ್ನು ನಿಲುವಂಗಿಯೊಳಗೆ ತುರುಕಿ, ಇನ್ನೊಂದರಿಂದ ಸೊಸೆಯ ಸೊಂಟದ ಪಟ್ಟಿ ಹಿಡಿದು ತ್ಸೆವೆಲ್ ಹಿಂದೆ ಕೂತಳು.

"ನಾಯಿ ಹಿಡೀರೋ!" ಎಂದು ಗೊಂಬೊನ ಗುಡಾರ ಕಂಡಾಗ ದೂರದಿಂದಲೇ ಕೂಗಿದಳು.

ಗೊಂಬೊಗೆ ಎಪ್ಪತ್ತಾದರೂ ತಾಳ್ಮೆ ಬಂದಿರಲಿಲ್ಲ. ನಾಳೆ ಎಂದರೆ ಇಂದೇ ಶುರುಮಾಡುವ ಆಸಾಮಿ. ಆರು ಆಡುಗಳು ಆಗಲೇ ಬಾಚಿಸಿಕೊಂಡು ಗೋಡೆಯ ಮರೆಗೆ ಒತ್ತೊತ್ತಾಗಿ ನಿಂತಿದ್ದವು. ಎರಡರ ಪಕ್ಕೆಯಲ್ಲಿ ಕೆಂಪು ಗೀರು. ಏಳನೆಯದು ಮೂರು ಕಾಲು ಕಟ್ಟಿಸಿಕೊಂಡು ಅವನ ಮುಂದೆ ಮಲಗಿತ್ತು.

"ಏನು, ಒಂದು ಕೈಲಿ ಕೂಲಿಗೆ ಬಂದ್ಯಾ?" ಎಂದ ಗೊಂಬೊ. "ಅರ್ಧ ಕೂಲಿನೇ ಕೊಡೋದು ನೋಡು."

"ಬಾಚಣಿಗೆ ಕೆಳಗಿಡಣ್ಣ. ದಿನ ಬಂದಿಲ್ಲ. ನಾನು ತಪ್ಪಿದೆ."

ಗೊಂಬೊ ಕತ್ತೆತ್ತಿ ನೋಡಿದ. "ಏನಂದೆ?"

"ತಪ್ಪಿದೆ ಅಂದೆ. ಒಲೆ ಪಕ್ಕ ಮಲಗಿದ್ದ ಆಡು ಮುಟ್ಟಿ ಹಿಂಡಿಗೆಲ್ಲ ದಿನ ಹೇಳಿಬಿಟ್ಟೆ. ಇವಳು ಹಿಡಿದಳು."

"ಇಪ್ಪತ್ತು ವರ್ಷ ಕಾದಿದ್ದೆ ಕಣಮ್ಮ ಈ ಮಾತಿಗೆ! ಇನ್ನೊಂದ್ಸಲ ಹೇಳು. ನನ್ನ ಹೆಂಡ್ತಿ ಒಳಗಿದಾಳೆ, ಕಿವಿ ಬೇರೆ ಮಂದ."

ತ್ಸೆವೆಲ್ ಗುಡಾರದ ಕಡೆ ತಿರುಗಿ ಇನ್ನಷ್ಟು ಗಟ್ಟಿಯಾಗಿ ಅದನ್ನೇ ಹೇಳಿದಳು. ಆಮೇಲೆ ಗೊಂಬೊನಿಗೆ, "ಕೇಳಿಸ್ತಲ್ಲ? ಈಗ ಎದ್ದು ಕಂಬಳಿ ತೆಗಿ. ನಿಂದು ನಗು, ಚಳಿ ಅವುಗಳದು," ಎಂದಳು.

ಆರಕ್ಕೂ ಹೊದಿಕೆ ಕಟ್ಟಿದರು. ಕಂಬಳಿ ನಾಲ್ಕಕ್ಕೆ ಮುಗಿಯಿತು. ಐದನೆಯದಕ್ಕೆ ಗೊಂಬೊನ ಹಳೆಯ ನಿಲುವಂಗಿ, ಆರನೆಯದಕ್ಕೆ ಅವನ ಹೆಂಡತಿಯದು. ಚಿಮೆಗ್ ಗೀರುಗಳಿಗೆ ಮುಲಾಮು ಹಚ್ಚಿ, ಹೊಟ್ಟೆಯಡಿ ಹಗ್ಗ ಎಷ್ಟು ಸಡಿಲ ಇರಬೇಕೆಂದು ಮುದುಕನಿಗೇ ಹೇಳಿಕೊಟ್ಟಳು.

ಮೂರನೇ ದಿನ ಉತ್ತರದಿಂದ ಹಿಮಗಾಳಿ ಎದ್ದು ಒಂದು ಹಗಲು ಒಂದು ರಾತ್ರಿ ಬಡಿಯಿತು. ಗಾಳಿ ನಿಂತ ಮೇಲೆ ಗೊಂಬೊ, ಎಂದೂ ಇಲ್ಲದವನು, ತಾನೇ ದಿಬ್ಬ ಹತ್ತಿ ಫೋನು ಮಾಡಿದ. ಆರೂ ಬದುಕಿದ್ದವು. ಹೆಂಡತಿಯ ನಿಲುವಂಗಿ ತೊಟ್ಟಿದ್ದು ಮಾತ್ರ ಈಗ ಅವಳ ಹಾಗೇ ಜಗಳಕ್ಕೆ ಬರುತ್ತಿದೆ ಎಂದ.

ಆಮೇಲೆ ಅತ್ತೆ ಸೊಸೆ ಇಬ್ಬರೂ ಪ್ರತಿದಿನ ದೊಡ್ಡಿಯ ನಡುವೆ ಹೋಗಿ ಬೇರೆ ಬೇರೆ ಆಡುಗಳನ್ನು ಮುಟ್ಟಿದರು. ದಷ್‌ನ್ಯಾಮ್ ಒಂಟೆಗಳೊಂದಿಗೆ ಮರಳಿದ. ಏಪ್ರಿಲ್ ಮುಗಿಯುವ ಹೊತ್ತಿಗೆ ಒಂದು ಸಂಜೆ ತ್ಸೆವೆಲ್, "ನಾಳೆಗೆ ಬಂತು," ಎಂದಳು.

"ನಂಗೆ ನಾಡಿದ್ದು ಅನ್ಸುತ್ತೆ ಅತ್ತೆ. ಎರಡು ವರ್ಷದವು ಇನ್ನೂ ಬಿಟ್ಟಿಲ್ಲ."

"ಒಂದು ದಿನ ಕಾದ್ರೆ ಮುದಿ ಆಡುಗಳದ್ದು ಪೊದೆಗೆ ಹೋಗುತ್ತೆ."

"ಸ್ವಲ್ಪ ಹೋಗುತ್ತೆ. ಸಣ್ಣವುಕ್ಕೆ ರಕ್ತ ಬರೋದಕ್ಕಿಂತ ವಾಸಿ ಅಲ್ವಾ?"

ಅದಕ್ಕೆ ತ್ಸೆವೆಲ್ ಹತ್ತಿರ ಉತ್ತರವಿತ್ತು, ಒಂದಲ್ಲ ಎರಡು. ಎರಡನ್ನೂ ಚಹಾದ ಜೊತೆ ನುಂಗಿ ದಿಬ್ಬ ಹತ್ತಿದಳು.

"ನಾಡಿದ್ದು," ಎಂದಳು ಫೋನಿನಲ್ಲಿ. ಈ ಸಲ ಗೊಂಬೊನ ಫೋನೂ ಜೀವದಿಂದಿತ್ತು.

"ಇದು ನಿನ್ನ ಮಾತಾ, ಸೊಸೇದಾ?" ಎಂದ ಗೊಂಬೊ. "ಕೇಳ್ಕೊಂಡು ಶುರುಮಾಡೋದು ಒಳ್ಳೇದು."

"ನಮ್ಮನೆ ಮಾತು," ಎಂದಳು ತ್ಸೆವೆಲ್. "ಬೇಡ ಅಂದ್ರೆ ನಿನ್ನ ಹೆಂಡ್ತಿನ ಕೇಳು."