ಮುರಳೀಧರನ ದೋಣಿಯ ತೂತು

ಯಾವ ದರ್ಜೆಯ ಅಧಿಕಾರಿಯ ಕೋಣೆಗೆ ಎಷ್ಟು ಟನ್ನಿನ ಏಸಿ ಹಾಕಬೇಕು ಎಂದು ತೀರ್ಮಾನಿಸುವ ಕಡತಗಳೆಲ್ಲ ದೆಹಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ನಮ್ಮ ಮುರಳೀಧರನ ಮೇಜು ದಾಟಿಯೇ ಮುಂದೆ ಹೋಗಬೇಕು. ಅವನ ತಲೆಯ ಮೇಲೆ ಮಾತ್ರ ಕಿರುಗುಟ್ಟುವ ಒಂದು ಫ್ಯಾನು. ಅವನ ದರ್ಜೆಗೆ ಏಸಿ ಇಲ್ಲವೆಂದು ನಿಯಮ, ಆ ನಿಯಮವನ್ನು ಎಲ್ಲರಿಗೂ ಓದಿ ಹೇಳುವವನೂ ಅವನೇ. ಪಕ್ಕದ ಶಾಖೆಯವರು ಹೇಗೋ ಹೊಂದಿಸಿ ಒಂದು ಕೂಲರ್ ತರಿಸಿಕೊಂಡರು. ಇವನು ತರಿಸಿಕೊಳ್ಳಲಿಲ್ಲ. ಇಂಥವನ ಎದುರುಮನೆಯಲ್ಲಿ, ಜನಕಪುರಿಯ ಒಂದೇ ಮಹಡಿಯಲ್ಲಿ ಇಷ್ಟು ವರ್ಷ ಬಾಳಿದ್ದೇನೆ ಎಂದರೆ ನನ್ನ ತಾಳ್ಮೆಯನ್ನು ನೀವು ಮೆಚ್ಚಬೇಕು.

ಇವನಿಗೊಂದು ಹುಚ್ಚು. ರಿಮೋಟಿನಿಂದ ಓಡಿಸುವ, ಮೊಳದುದ್ದದ ಎಲೆಕ್ಟ್ರಿಕ್ ರೇಸ್ ದೋಣಿ. ಗುರುಗ್ರಾಮದಾಚೆ ಯಾರದೋ ಫಾರ್ಮ್‌ಹೌಸಿನ ಕೊಳದಲ್ಲಿ ಕೆಲವು ಭಾನುವಾರ ಇವರ ಕ್ಲಬ್ಬಿನ ರೇಸು ನಡೆಯುತ್ತದೆ. ದೋಣಿ ನೀರಿನ ಮೇಲಿದ್ದರೂ ಮೋಟಾರು ಇರುವುದು ಅದರ ಮುಚ್ಚಿದ ಹೊಟ್ಟೆಯೊಳಗೆ. ಗಾಳಿಯಾಡದೆ ಕಾದು ಹೋಗುತ್ತದೆ. ಅದಕ್ಕೇ ತಳದಲ್ಲಿ, ಹಿಂದುಗಡೆ, ಒಂದು ತೂತು. ದೋಣಿ ಮುನ್ನುಗ್ಗಿದಂತೆ ಕೊಳದ ನೀರು ಆ ತೂತಿನಿಂದ ಸಣ್ಣ ಪೈಪಿಗೆ ನುಗ್ಗಿ, ಮೋಟಾರಿನ ಸುತ್ತ ಹರಿದು, ಅದರ ಬಿಸಿಯನ್ನು ಹೊತ್ತು, ಪಕ್ಕದ ಇನ್ನೊಂದು ತೂತಿನಿಂದ ಧಾರೆಯಾಗಿ ಚಿಮ್ಮುತ್ತದೆ. ಧಾರೆ ಕಾಣುತ್ತಿದ್ದರೆ ಕ್ಷೇಮ. ಧಾರೆ ನಿಂತರೆ ದೋಣಿಯನ್ನೂ ನಿಲ್ಲಿಸಬೇಕು, ಇಲ್ಲವಾದರೆ ಮೋಟಾರು ಸುಟ್ಟು ಬ್ಯಾಟರಿಗೂ ಬೆಂಕಿ ಹತ್ತೀತು ಎಂದು ಕ್ಲಬ್ಬಿನ ನಿಯಮ. ಅದನ್ನು ಬರೆದುಕೊಟ್ಟವನು ಯಾರೆಂದು ಬೇರೆ ಹೇಳಬೇಕೆ?

ಮುರಳೀಧರ ಒಂದು ರೇಸನ್ನೂ ಮುಗಿಸಿದವನಲ್ಲ. ಮೋಟಾರಿಗೆ ತಂಪು ಸಾಲದೆ ಅಲ್ಲ, ತಂಪು ಮಾಡುವ ಉತ್ಸಾಹ ಅತಿಯಾಗಿ. ಮೊದಲು ಮೋಟಾರಿಗೆ ತಾಮ್ರದ ಸುರುಳಿ ಸುತ್ತಿದ. ನಡುಗೊಳದಲ್ಲಿ ಪೈಪು ಕಳಚಿ ನೀರೆಲ್ಲ ದೋಣಿಯ ಹೊಟ್ಟೆಗೇ ಹೋಯಿತು. ಇನ್ನಷ್ಟು ನೀರು ಹಾಯಲೆಂದು ಪುಟ್ಟ ಪಂಪು ಕೂರಿಸಿದರೆ, ಆ ಪಂಪು ಬ್ಯಾಟರಿಯನ್ನೇ ಕುಡಿದು ಮುಗಿಸಿತು. ಪಾಚಿ ಬರದಿರಲೆಂದು ಚಹಾ ಸೋಸುವ ಜಾಲರಿ ಕತ್ತರಿಸಿ ತೂತಿಗೆ ಅಂಟಿಸಿದ. ಪಾಚಿ ಜಾಲರಿಗೇ ಮೆತ್ತಿಕೊಂಡು ನೀರೇ ಬರಲಿಲ್ಲ. ಇದೆಲ್ಲದರ ಪರೀಕ್ಷೆ ನಡೆಯುತ್ತಿದ್ದದ್ದು ಬಚ್ಚಲಿನಲ್ಲಿ, ಕಾಲೊನಿಗೆ ನೀರು ಬಿಡುವ ಬೆಳಗಿನ ಹೊತ್ತಿನಲ್ಲೇ.

"ಇಡೀ ದಿಲ್ಲಿ ಟ್ಯಾಂಕರಿಗೆ ಕಾಯ್ತಾ ಇದೆ, ನಮ್ಮನೇಲಿ ಮೋಟಾರಿಗೆ ಅಭಿಷೇಕ" ಎಂದು ಅವನ ಹೆಂಡತಿ ವೈಜಯಂತಿ ನಮ್ಮ ಮನೆಗೆ ಬಂದು ಗೊಣಗುತ್ತಿದ್ದಳು.

ನಿಂತುಹೋದ ದೋಣಿಯನ್ನು ಅದರ ಯಜಮಾನನೇ ರಬ್ಬರ್ ತೆಪ್ಪದಲ್ಲಿ ಹುಟ್ಟು ಹಾಕುತ್ತ ಹೋಗಿ ತರಬೇಕೆಂಬುದು ಅಲ್ಲಿಯ ಪದ್ಧತಿ. ಹೀಗೆ ಹೋಗಿ ಬಂದು ಮುರಳೀಧರನಿಗೆ ಹುಟ್ಟು ಹಾಕುವುದರಲ್ಲಿ ಒಳ್ಳೆ ಕೈ ಕುದುರಿತು. ಕಳೆದ ದಸರಾಕ್ಕೆ ಮುಂಚೆ ಕ್ಲಬ್ಬಿನ ಸೆಕ್ರೆಟರಿ ಆಹೂಜಾ ಅವನ ಹೆಗಲ ಮೇಲೆ ಕೈಯಿಟ್ಟು, "ಮುರಳೀಜೀ, ಮುಂದಿನ ರೇಸನ್ನೂ ಮುಗಿಸದಿದ್ದರೆ ರೇಸು ಬಿಟ್ಟುಬಿಡಿ. ತೆಪ್ಪದ ಕೆಲಸ ಪೂರ್ತಿ ನಿಮಗೇ. ಆಪ್ ಸೆ ಅಚ್ಛಾ ಕೋಯಿ ನಹೀ ಚಲಾತಾ, ನಿಮ್ಮಷ್ಟು ಚೆನ್ನಾಗಿ ಅದನ್ನು ನಡೆಸುವವರಿಲ್ಲ" ಎಂದ. ಎಲ್ಲರೂ ನಕ್ಕರು. ಮುರಳೀಧರನೂ ನಕ್ಕ. ನನ್ನ ಜೊತೆ ಕಾರಿನಲ್ಲಿ ಮನೆಗೆ ಬಂದವನೇ ದೋಣಿ ಹಿಡಿದು ನೇರ ಬಚ್ಚಲಿಗೆ ನಡೆದ.

ಆಮೇಲೆ ಎಲ್ಲವನ್ನೂ ಕಿತ್ತುಹಾಕಿ ಹೊಸದಾಗಿ ಮಾಡಿದ. ಪಂಪಿಲ್ಲ, ಜಾಲರಿಯಿಲ್ಲ. ಅಗಲವಾದ ಒಂದು ತೂತು, ಎಲ್ಲೂ ಮಡಿಚದ ಗಿಡ್ಡ ಪೈಪು, ಮೋಟಾರನ್ನು ಬಿಗಿಯಾಗಿ ತಬ್ಬಿದ, ಒಳಗೆ ನೀರು ಹರಿಯುವ ಒಂದು ಕವಚ. ಬಚ್ಚಲಿನಲ್ಲಿ ಬೆರಳಿಟ್ಟು ನೋಡಿದೆ, ಮೋಟಾರು ಬೆಚ್ಚಗೂ ಆಗಿರಲಿಲ್ಲ. ನನಗೇ ಖುಷಿಯಾಯಿತು.

ಆಯುಧಪೂಜೆಯ ದಿನ ಅವನ ತಾಯಿ ವಿಜಯಮ್ಮ ಸ್ಕೂಟರು, ಮಿಕ್ಸಿ, ಈಳಿಗೆಮಣೆಗಳ ಸಾಲಿನಲ್ಲಿ ದೋಣಿಯನ್ನೂ ಇಟ್ಟು ಪೂಜೆ ಮಾಡಿದರು. ಭಾನುವಾರ ದೋಣಿಯ ಮೂತಿಯ ಮೇಲೆ ಆ ಕುಂಕುಮದ ಬೊಟ್ಟು ಹಾಗೇ ಇತ್ತು. ಮುರಳೀಧರ ಅದನ್ನು ಒರೆಸದೆ ನೀರಿಗೆ ಬಿಟ್ಟ.

ಮೊದಲ ಸುತ್ತು ಚೆನ್ನಾಗಿ ಓಡಿತು. ಎರಡನೆಯ ಸುತ್ತಿನಲ್ಲಿ ನಮ್ಮ ಮುಂದೆ ಹಾದುಹೋದಾಗ ನಾನು ಕಂಡೆ, ಪಕ್ಕದಲ್ಲಿ ಧಾರೆ ಇರಲಿಲ್ಲ. ಒಂದು ತೊಟ್ಟೂ ಇಲ್ಲ. ಮುರಳೀಧರನೂ ಕಂಡ. ನೋಡಿಕೊಳ್ಳಬೇಕಾದ ಆಹೂಜಾ ಬಿಸಿಲಿಗೆ ಕೈ ಅಡ್ಡ ಹಿಡಿದು ಬೇರೆ ದೋಣಿಗಳನ್ನು ನೋಡುತ್ತಿದ್ದ. ನಿಯಮ ಬರೆದ ಮನುಷ್ಯ ನಿಲ್ಲಿಸುತ್ತಾನೆಂದು ಕಾದೆ. ಅವನ ಹೆಬ್ಬೆರಳು ರಿಮೋಟಿನ ಮೇಲಿಂದ ಏಳಲೇ ಇಲ್ಲ. ಮುಖ ಬೆವೆತು ಕೆಂಪಾಗಿತ್ತು. ಕೊನೆಯ ತಿರುವಿನಲ್ಲಿ ದೋಣಿ ಸೋತು ಹೆಣಗಿತು, ಸುಟ್ಟ ವಾಸನೆ ದಡದವರೆಗೂ ಬಂತು, ಆದರೂ ಗೆರೆ ದಾಟಿತು. ಕೊನೆಯವನಾಗಿ ದಾಟಿದ, ಅಷ್ಟೇ. ನಾನು ಚಪ್ಪಾಳೆ ತಟ್ಟಿದ್ದು ನೋಡಿದವರು ಗೆದ್ದನೆಂದೇ ತಿಳಿದಿರಬೇಕು.

ಅಂತೂ ಒಂದು ರೇಸು ಮುಗಿಸಿದನೆಂದು ಜನ ಮುತ್ತಿಕೊಂಡರು. "ಇದೇನು ಕೂಲಿಂಗ್ ಮಾಡಿದ್ದೀರಿ, ನಮಗೂ ತೋರಿಸಿ" ಎಂದರು. ಅವನು ಮೇಲಿನ ಮುಚ್ಚಳ ತೆಗೆದು ತೋರಿಸಿದ. ಒಳಗೆ ಒಂದು ಹನಿ ನೀರಿರಲಿಲ್ಲ. ಆಹೂಜಾ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡ. ಎಲ್ಲರೂ ಹೋದ ಮೇಲೆ ದೋಣಿಯನ್ನು ಮಗುಚಿದೆವು. ತಳದ ತೂತಿಗೆ ಮೇಣ ಮೆತ್ತಿ, ಅದರ ಮೇಲೊಂದು ಕುಂಕುಮದ ಬೊಟ್ಟು. ಹಳೆಯ ಕಾಲದ ಹೆಂಗಸರು ಕುಂಕುಮ ಉದುರದಿರಲೆಂದು ಮೊದಲು ಹಣೆಗೆ ಹಚ್ಚಿಕೊಳ್ಳುತ್ತಾರಲ್ಲ, ಅದೇ ಮೇಣ. ನಾಲ್ಕು ವರ್ಷ ತಲೆ ಕೆಡಿಸಿಕೊಂಡು ಮೋಟಾರು ತಂಪು ಮಾಡಲು ಹೋದವನು, ತಂಪೇ ಇಲ್ಲದ ಒಂದು ರೇಸನ್ನು ಮುಗಿಸಿದ್ದ!

ಮನೆಗೆ ಬಂದವನೇ ಚಪ್ಪಲಿ ಬಿಡುವ ಮೊದಲೇ ಕೂಗಿದ. "ಅಮ್ಮಾ, ಆ ತೂತಿಗೆ ಮೇಣ ಹಾಕಿದ್ದು ನೀನಾ?"

ವಿಜಯಮ್ಮ ಸೊಪ್ಪು ಬಿಡಿಸುತ್ತಿದ್ದರು. "ಮತ್ತೆ? ದೋಣಿಗೆ ತಳದಲ್ಲಿ ತೂತು ಇಟ್ಕೊಂಡು ನೀರಿಗೆ ಬಿಡ್ತಾರೇನೋ? ಪ್ರತಿ ಸಲ ಒಳಗೆ ನೀರು ತುಂಬ್ಕೊಂಡು ಬರ್ತಿತ್ತು. ನೀನು ಮುಖ ಸಣ್ಣಗೆ ಮಾಡ್ಕೊಂಡು ಬಂದು, ಊಟ ಬೇಡ ಅಂತ ಮಲಗ್ತಿದ್ದೆ. ನನ್ನ ಕೈಲಿ ನೋಡೋಕಾಗ್ಲಿಲ್ಲಪ್ಪ. ಪೂಜೆ ಮಾಡ್ತಾ ಮುಚ್ಚಿಬಿಟ್ಟೆ. ಈ ಸಲ ಮುಗಿಸ್ದೆ ತಾನೇ, ಮುರಳಿ?"

ಬೈಯಲೆಂದೇ ಬಂದವನು "ಮುಗಿಸಿದೆ" ಎಂದ. ವಿಜಯಮ್ಮನ ಮುಖ ಅರಳಿದ್ದನ್ನು ಕಂಡು, ಹೇಳಬಾರದೇಕೆ, ನನ್ನ ಕಣ್ಣೂ ಒದ್ದೆಯಾಯಿತು.

ಇಲ್ಲಿಗೇ ಬಿಟ್ಟಿದ್ದರೆ ಸುಖವಾಗಿತ್ತು. ಆದರೆ ಕೂಲರ್ ತರಿಸಿಕೊಳ್ಳದ ಮನುಷ್ಯ ಅಲ್ಲವೇ! ಎರಡು ದಿನ ನಿದ್ದೆಗೆಟ್ಟು, ಮೂರನೆಯ ದಿನ ಆಹೂಜಾನಿಗೆ ಫೋನ್ ಮಾಡಿ ಧಾರೆ ನಿಂತಿತ್ತು, ತಾನು ಕಂಡೂ ನಿಲ್ಲಿಸಲಿಲ್ಲ ಎಂದು ಒಪ್ಪಿಸಿದ. "ಅರೇ, ಬಿಡಿ ಮುರಳೀಜೀ" ಎಂದು ಆಹೂಜಾ ಅಂದನಂತೆ. ಬಿಡಲಿಲ್ಲ ಇವನು. ನಿಯಮದ ಸಂಖ್ಯೆಯನ್ನೂ ತಾನೇ ಹೇಳಿದ. ಕ್ಲಬ್ಬಿನವರು ಬಹಳ ದುಃಖಪಟ್ಟು ಅವನ ರೇಸನ್ನು ರದ್ದು ಮಾಡಿದರು, ಆಮೇಲೆ ಅಷ್ಟೇನೂ ದುಃಖಪಡದೆ ತೆಪ್ಪವನ್ನು ಅವನಿಗೆ ಒಪ್ಪಿಸಿದರು. ಫೋಟೋ ನೋಡಿ ಅದೇ ರೀತಿಯ ತೂತು, ಅದೇ ಗಿಡ್ಡ ಪೈಪು ಹಾಕಿಸಿಕೊಂಡ ಆಹೂಜಾ ಮುಂದಿನ ರೇಸನ್ನು ಗೆದ್ದ. ಧಾರೆ ಎಷ್ಟು ಚೆನ್ನಾಗಿ ಚಿಮ್ಮುತ್ತಿತ್ತೆಂದರೆ, ತೆಪ್ಪದಲ್ಲಿ ಕುಳಿತಿದ್ದ ಮುರಳೀಧರನೂ ಕೈ ಎತ್ತಿ ಶಹಭಾಸ್ ಎಂದ. ನನಗೆ ಮೈಯೆಲ್ಲ ಉರಿಯಿತು.

ತಾಯಿಗೆ ಇದಾವುದೂ ಗೊತ್ತಿಲ್ಲ. ರೇಸಿನ ಭಾನುವಾರ ವಿಜಯಮ್ಮ ಸ್ನಾನ ಮಾಡಿ ದೋಣಿ ಮಗುಚಿ, ತೂತಿಗೆ ಮೇಣ ಒತ್ತಿ, ಕುಂಕುಮ ಇಡುತ್ತಾರೆ. ಮೋಟಾರು ಸತ್ತ ಆ ದೋಣಿಯನ್ನು ಮುರಳೀಧರ ಬಟ್ಟೆಯಲ್ಲಿ ಸುತ್ತಿ ಕಾರಿನ ಹಿಂದೆ ಇಟ್ಟು, ಕೊಳಕ್ಕೆ ಹೋಗಿ, ಮಧ್ಯಾಹ್ನದವರೆಗೆ ಬೇರೆಯವರ ದೋಣಿಗಳನ್ನು ದಡಕ್ಕೆ ತರುತ್ತಾನೆ. ಕ್ಲಬ್ಬಿಗೆ ನಿಜ ಹೇಳದೆ ನಿದ್ದೆ ಬರದಿದ್ದವನು ಅವನೇ.

"ಮುಗಿಸ್ದೆಯೇನೋ, ಮುರಳಿ?" ಎಂದು ಒಳಗಿನಿಂದ ವಿಜಯಮ್ಮ ಕೇಳುತ್ತಾರೆ.

"ಮುಗಿಸಿದೆ ಅಮ್ಮ" ಎನ್ನುತ್ತಾನೆ, ಕೈಕಾಲು ತೊಳೆದು ಊಟಕ್ಕೆ ಕೂರುತ್ತಾನೆ.