ಐದು ವಾಟ್ ಸಾಕು ಎಂದಿದ್ದೆ

“ಅಕ್ಕಾರ, ನಿಮ್ಮ ಶೈಲಾ ಗಿಟಾರ್ ಯಾಕ ಅಷ್ಟು ಸಣ್ಣಗ ಬಾರಿಸ್ತಿದ್ಲು?” ಎಂದು ಹಾಸಿಗೆ ಹಿಡಿದಿದ್ದ ಗಂಗಕ್ಕ ಕೇಳಿದರು. ಡೊಂಬಿವಲಿಯಲ್ಲಿ ನಮ್ಮ ಫ್ಲ್ಯಾಟಿಗೂ ಅವರದಕ್ಕೂ ನಡುವೆ ಇರುವುದು ಒಂದೇ ಗೋಡೆ. ನನ್ನ ಮಗಳು ಶೈಲಾಳ ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಅವರು ನನ್ನನ್ನು ಕರೆಸಿದ್ದರು.

ಶೈಲಾ ಆಸೆಪಟ್ಟದ್ದು ಗಿಟಾರಿನ ಸದ್ದು ಹೆಚ್ಚಿಸುವ ಹದಿನೈದು ವಾಟಿನ ಆಂಪ್ಲಿಫೈಯರ್. ಹಳೆಯ ರೇಡಿಯೋದಂತೆ ಒಳಗೆ ವಾಲ್ವ್ ಉರಿಯುವಂಥದ್ದು. “ಬಿ ಕನ್ಸಿಡರೇಟ್, ಪಕ್ಕದಲ್ಲಿ ಪೇಷೆಂಟ್ ಇದ್ದಾರೆ” ಎಂದು ಹಠ ಹಿಡಿದು ನಾನೇ ಐದು ವಾಟಿನದನ್ನು ಆರಿಸಿದೆ. ಅದರ ವಾಲ್ಯೂಮನ್ನು ಅವಳು ತುಸು ಏರಿಸಿದರೂ ಅಡುಗೆಮನೆಯಿಂದಲೇ “ಸಾಫ್ಟ್ಲಿ, ಡಿಯರ್” ಎನ್ನುತ್ತಿದ್ದೆ. ಅವಳು ಎದುರಾಡದೆ ತಗ್ಗಿಸುತ್ತಿದ್ದಳು.

ಗಂಗಕ್ಕ ಗೋಡೆ ಸವರಿದರು. “ಮಂಚಾ ಇಲ್ಲಿಗೇ ಸರಿಸಾಕ ಹೇಳಿದ್ದೆ. ದಿನಾ ಸಂಜೀಕ ಗ್ವಾಡಿಗೆ ಕಿವಿ ಹಚ್ಚತಿದ್ದೆ. ಅರ್ಧ ಕೇಳಸ್ತಿತ್ತು, ಅರ್ಧ ಇಲ್ಲ.”

ಮನೆಗೆ ಬಂದು ಆಂಪ್ ಆನ್ ಮಾಡಿ, ಮೊದಲ ಸಲ ವಾಲ್ಯೂಮನ್ನು ಪೂರ್ತಿ ತಿರುಗಿಸಿದೆ. ಗಿಟಾರ್ ನುಡಿಸಲು ನನಗೆ ಬಾರದು. ಆಂಪಿನ ಬರೀ ಗುಂಯ್ ಎಂಬ ಸದ್ದಾದರೂ ಗಂಗಕ್ಕನವರೆಗೆ ಹೋಗಲಿ ಎಂದು ಗೋಡೆಯ ಪಕ್ಕ ಕುಳಿತೆ.