ಅರ್ಧ ಕಿಲೋದ ಸಾಕ್ಷಿ

ಸಂತೆ ತಕ್ಕಡಿಯ ತೆಯೋದುಲೋಗೆ ಇವತ್ತಿಗೂ ಹೊಟ್ಟೆಯಲ್ಲಿ ಉರಿಯುವುದು ಒಂದೇ ಒಂದು ಪ್ರಶ್ನೆಗೆ. ಸರಕಾರಿ ನೌಕರಿಯ ಪರೀಕ್ಷೆ ಬರೆದು ಏಳು ವರ್ಷವಾಯಿತು, ಪ್ರಶ್ನೆ ಮಾತ್ರ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲೇ ನಿಂತಿದೆ. ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಕೆಳಗಿನವುಗಳಲ್ಲಿ ಯಾವುದು ನಿಜವಾಗಿರಲೇಬೇಕು? ಮೊದಲನೆಯದು: ಬಂದದ್ದು ಆ ಸಂಖ್ಯೆಗಿಂತ ದೊಡ್ಡದು. ಕೊನೆಯದು: ಬಂದದ್ದು ಸೊನ್ನೆಗಿಂತ ಕಡಿಮೆಯಾಗದು. ಅವನು ಎರಡು ಹಾಕಿ ನೋಡಿದ, ನಾಲ್ಕು ಬಂತು. ಐದು ಹಾಕಿದ, ಇಪ್ಪತ್ತೈದು. ಹತ್ತಕ್ಕೆ ನೂರು. ಇನ್ನೇನು ಬೇಕು? ಮೊದಲನೆಯದಕ್ಕೆ ಗುರುತು ಹಾಕಿ ಬಂದ. ಎಂಬತ್ತು ಬೇಕಾದ ಕಡೆ ಎಪ್ಪತ್ತೊಂಬತ್ತೂ ಚಿಲ್ಲರೆ ಬಂತು.

"ಮನೋಂಗ್, ಅಣ್ಣಾ, ಅದು ಕೊನೇದು ಸರಿ" ಎಂದಳು ಪುರಸಭೆಯ ಗುಮಾಸ್ತೆ.

"ಯಾಕೆ, ನೂರು ಹತ್ತಕ್ಕಿಂತ ಸಣ್ಣದಾ? ಯಾರೋ ಬೇಕಂತ್ಲೇ ನನ್ನ ಕೆಡವಿದಾರೆ!" ಎಂದು ಮೇಜು ಗುದ್ದಿ ಹೊರಗೆ ಬಂದ.

ಗುದ್ದಿದ್ದಕ್ಕೆ ಕಾರಣವಿತ್ತು. ಇಲೋಯ್ಲೋ ಪ್ರಾಂತದ ಉತ್ತರದ ಆ ಕಡಲೂರಿನಲ್ಲಿ ಆಗ ಹದಿನಾರು ವರ್ಷದಿಂದ ಅವನದು ತಾತ್ಕಾಲಿಕ ಕೆಲಸ. ಆರಾರು ತಿಂಗಳಿಗೆ ಕಾಗದ ಹೊಸದಾಗಬೇಕು. ಹೊಸ ಮೇಯರ್ ಬಂದಾಗಲೆಲ್ಲ ಹೆಂಡತಿ ಇಗರ್ಜಿಯಲ್ಲಿ ಮೇಣದ ಬತ್ತಿ ಹಚ್ಚಬೇಕು. ಆ ಪರೀಕ್ಷೆ ಪಾಸಾದರೆ ಕೆಲಸ ಕಾಯಂ, ಇಲ್ಲವಾದರೆ ಮುಂದಿನ ಚುನಾವಣೆಗೆ ಮನೆ. ಓದಿದ್ದು ಆರನೆಯ ಇಯತ್ತೆ.

ಕೆಲಸವಾದರೂ ಎಂಥದು? ಸಂತೆಯ ನಡುಗಂಬದ ಪಕ್ಕ ಊರಿನ ತಕ್ಕಡಿ ಇಟ್ಟುಕೊಂಡು ಕೂರುವುದು. ವ್ಯಾಪಾರಿಯ ತೂಕದ ಮೇಲೆ ಅನುಮಾನ ಬಂದವರು ಮೀನು ತಂದು ಅಲ್ಲಿ ಮತ್ತೆ ತೂಗಿಸುತ್ತಾರೆ. ಸಂಶಯವೇ ಅವನ ಅನ್ನ. ಹಸುಗೂಸು ನಕ್ಕರೂ ಯಾಕೆ ನಕ್ಕಿತು ಎಂದು ಯೋಚಿಸುವ ಆಸಾಮಿ.

ಒಣಮೀನಿನ ಕ್ರಿಸ್ಪಿನಾ ಕೂರುತ್ತಿದ್ದುದು ಅದೇ ಕಂಬದ ಆಚೆ. ಆ ಮೊದಲ ಪರೀಕ್ಷೆಗೆ ಒಂದು ವರ್ಷ ಮುಂಚೆ ಅವಳ ತಕ್ಕಡಿಯನ್ನು ಇವನೇ ಹಿಡಿದಿದ್ದ. ಒಂದು ಕಿಲೋ ಇಟ್ಟರೆ ಸರಿ, ಎರಡು ಇಟ್ಟರೂ ಸರಿ. ಅರ್ಧ ಕಿಲೋ ಇಟ್ಟಾಗ ಮುಳ್ಳು ನೂರು ಗ್ರಾಂ ಮುಂದೆ ಓಡಿತು. "ಕಳ್ಳಿ!" ಎಂದು ಸಂತೆಯೆಲ್ಲ ಕೇಳುವಂತೆ ಕೂಗಿ ತಕ್ಕಡಿ ಕಿತ್ತುಕೊಂಡ. ಉಪ್ಪುಗಾಳಿಗೆ ಸ್ಪ್ರಿಂಗ್ ತುಕ್ಕು ಹಿಡಿದಿದೆ ಎಂದು ಅವಳು ಬಡಕೊಂಡರೂ ಯಾರು ಕೇಳಬೇಕು? ಹೊಸ ತಕ್ಕಡಿ ತಂದಿಟ್ಟರೂ ಮೂರು ತಿಂಗಳು ಅವಳ ಅಂಗಡಿಗೆ ನೊಣ ಬಿಟ್ಟರೆ ಯಾರೂ ಬರಲಿಲ್ಲ.

ಅಂಥವಳು ಒಂದು ಮಧ್ಯಾಹ್ನ, ಇವನು ಎರಡನೆಯ ಸಲದ ಪರೀಕ್ಷೆಗೆಂದು ಓದುತ್ತ ಪುಸ್ತಕಕ್ಕೆ ಬೈಯುತ್ತಿದ್ದಾಗ, ಅನ್ನ ವಿನೆಗರ್ ಕಲಸಿದ ಕೈಯಲ್ಲೇ ಎದ್ದು ಬಂದಳು.

"ಅದ್ಯಾವ ಲೆಕ್ಕ? ಓದು, ಕೇಳೋಣ."

"ನಿಂಗ್ಯಾಕೆ?"

"ಅಪ್ಪನ ದೋಣಿ ಮುಳುಗೋ ತನಕ ಟೀಚರ್ ಓದ್ತಿದ್ದೆ ಕಣೋ, ಎರಡು ವರ್ಷ. ಓದು."

ಹುಬ್ಬು ಗಂಟಿಕ್ಕಿ ಅದೇ ಹಳೆಯ ಪ್ರಶ್ನೆ ಓದಿದ. ಅವಳಿಗೆ ನಗು ತಡೆಯಲಾಗಲಿಲ್ಲ.

"ನನ್ನ ತಕ್ಕಡಿಗೆ ಒಂದು ಕಿಲೋ ಇಟ್ಟೆ, ಎರಡಿಟ್ಟೆ, ಸರಿ ಇತ್ತು. ಅಷ್ಟಕ್ಕೇ ಬಿಟ್ಯಾ?"

"ಬಿಡ್ತೀನಾ? ಅರ್ಧ ಇಟ್ಟೆ."

"ಈ ಲೆಕ್ಕಕ್ಕೆ ಯಾಕಪ್ಪ ಇಡ್ಲಿಲ್ಲ? ಅರ್ಧದ ಅರ್ಧ ಎಷ್ಟು?"

"ಕಾಲು."

"ಕಾಲು ಅರ್ಧಕ್ಕಿಂತ ದೊಡ್ಡದಾ?"

ತೆಯೋದುಲೋ ಪುಸ್ತಕವನ್ನು ಕಣ್ಣ ಹತ್ತಿರ ಎಳೆದುಕೊಂಡು ಪ್ರಶ್ನೆಯನ್ನು ಮತ್ತೆ ಓದಿದ. ಅವಳು ಬಿಡಲಿಲ್ಲ.

"ನನ್ನ ತಕ್ಕಡಿ ಒಂದು ಸಲ ತಪ್ಪಿದ್ದಕ್ಕೆ ಸುಳ್ಳು ಅಂದೆ. ಇದು ಮೂರು ಸಲ ಸರಿ ಬಂದಿದ್ದಕ್ಕೆ ಸತ್ಯ ಅಂದ್ಯಾ? ಇರಲೇಬೇಕು ಅಂತ ಕೇಳಿದ್ರೆ ಸೊನ್ನೆ ಹಾಕು, ಒಂದು ಹಾಕು, ಅರ್ಧ ಹಾಕು, ಸೊನ್ನೆಗಿಂತ ಕೆಳಗಿಂದೂ ಒಂದು ಹಾಕು. ಒಂದು ಕಡೆ ಸುಳ್ಳಾದ್ರೂ ಹೊಡೆದುಹಾಕು. ಉಳಿದದ್ದು ಯಾಕೆ ಉಳೀತು ಅಂತ ಯೋಚ್ನೆ ಮಾಡು."

ಆ ರಾತ್ರಿ ಅವನಿಗೆ ನಿದ್ದೆಯಿಲ್ಲ. ಲೆಕ್ಕ ತಿಳಿದ ಸಂತೋಷಕ್ಕಲ್ಲ. ಇವಳಿಗೆ ನನ್ನ ಮೇಲೆ ಯಾಕಿಷ್ಟು ಅಕ್ಕರೆ? ಕೆಡಿಸಲು ತಪ್ಪು ಹೇಳಿಕೊಡುತ್ತಿದ್ದಾಳೋ? ಕಣ್ಣು ಮುಚ್ಚಿಕೊಂಡಿರು ಎಂದು ಬೆಣ್ಣೆ ಹಚ್ಚುತ್ತಿದ್ದಾಳೋ? ಮರುದಿನದಿಂದ ಅವಳ ಹತ್ತಿರ ಪಾಠ ಹೇಳಿಸಿಕೊಳ್ಳುವುದು, ಎದ್ದು ಹೋಗುವ ಮುಂಚೆ ಅವಳ ಗಿರಾಕಿಗಳ ಪೊಟ್ಟಣ ಕಸಿದು ಮತ್ತೆ ತೂಗುವುದು. ಅವಳು ಹೇಳಿದ ಪ್ರತಿಯೊಂದು ಉತ್ತರವನ್ನೂ ಗುಮಾಸ್ತೆಗೆ ತೋರಿಸಿ ಬಂದ. ಒಂದೂ ತಪ್ಪಿರಲಿಲ್ಲ. ಪೊಟ್ಟಣವೂ ಒಂದೂ ಕಡಿಮೆಯಿರಲಿಲ್ಲ. ಅದರಿಂದ ಅವನ ಅನುಮಾನ ಇನ್ನೂ ಹೆಚ್ಚಿತು.

ಪರೀಕ್ಷೆಗೆ ಇನ್ನೆರಡು ದಿನವಿದೆ ಎನ್ನುವಾಗ ಬಾಯಿಬಿಟ್ಟು ಕೇಳಿಯೇಬಿಟ್ಟ.

"ನಿಜ ಹೇಳು ಮನಾಂಗ್, ಅಕ್ಕಾ, ನಿಂಗೇನ್ ಬೇಕು?"

ಅವಳು ಮೀನಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. "ಕೊನೇ ಲೆಕ್ಕ. ತಕ್ಕಡಿ ತಪ್ಪು ತೋರಿಸ್ತು. ತಕ್ಕಡಿ ಕೆಟ್ಟಿದೆ ಅನ್ನೋದು ನಿಜವಾಗಿರಲೇಬೇಕಾ?"

"ಇರಲೇಬೇಕು."

"ಕ್ರಿಸ್ಪಿನಾ ಕಳ್ಳಿ ಅನ್ನೋದು?"

ಅವನು ತಲೆ ಕೆರೆದುಕೊಂಡ. "ಇರಬಹುದು."

"ಹಾಂ. ಇರಬಹುದು. ನೀನು ಇರಲೇಬೇಕು ಅಂತ ಕೂಗಿದೆ. ಅದೇ ಕಂಬದ ಹತ್ರ ನಿಂತು, ಅಷ್ಟೇ ಜೋರಾಗಿ, ಆ ಮಾತು ಖಾತ್ರಿಯಲ್ಲ ಅಂತ ಹೇಳು. ನಂಗಿನ್ನೇನೂ ಬೇಡ."

"ಪಾಸಾಗ್ಲಿ, ಹೇಳ್ತೀನಿ" ಎಂದ.

ಪಾಸಾದ. ಎಂಬತ್ತಮೂರು. ಆದೇಶದ ಕಾಗದ ಕೈಗೆ ಬಂದ ದಿನ ಹೆಂಡತಿ ಇಸ್ತ್ರಿ ಮಾಡಿಕೊಟ್ಟ ಅಂಗಿ ತೊಟ್ಟು ನೇರ ಕಂಬದ ಹತ್ತಿರ ಹೋದ. ಶನಿವಾರ, ಸಂತೆ ಕಿಕ್ಕಿರಿದಿತ್ತು. ಕ್ರಿಸ್ಪಿನಾ ಯಾರಿಗೋ ಮೀನು ತೂಗುತ್ತಿದ್ದವಳು ಇವನನ್ನು ಕಂಡು ಸುಮ್ಮನೆ ಕಾದಳು. ಇವನು ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಕಣ್ಣು ಹೋದದ್ದು ತಟ್ಟೆಯ ಅಂಚಿನ ಮೇಲಿದ್ದ ಅವಳ ಹೆಬ್ಬೆರಳಿನ ಮೇಲೆ.

"ಬೆರಳು ತೆಗಿ!" ಎಂದ, ಸಂತೆಯೆಲ್ಲ ಕೇಳುವ ಹಾಗೆ.

ಅವಳು ಬೆರಳು ತೆಗೆದಳು. ಮುಳ್ಳು ಅಲುಗಲಿಲ್ಲ. ಪೊಟ್ಟಣ ಕಟ್ಟಿ ಗಿರಾಕಿಗೆ ಕೊಟ್ಟು, ಇವನ ಕಡೆ ಮತ್ತೆ ನೋಡಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತ ಮಳೆಗಾಲ ಕಳೆಯಿತು. ಒಂದು ಸೋಮವಾರ ಅವಳ ಜಾಗದಲ್ಲಿ ಚಪ್ಪಲಿ ಮಾರುವವನು ಕೂತಿದ್ದ. ಕ್ರಿಸ್ಪಿನಾ ಕಡಲಾಚೆಯ ನೆಗ್ರೋಸ್ ದ್ವೀಪಕ್ಕೆ, ತಂಗಿಯ ಮನೆಗೆ ಹೋದಳಂತೆ. ಯಾವ ಊರೆಂದು ಯಾರಿಗೂ ಗೊತ್ತಿಲ್ಲ.

ತೆಯೋದುಲೋ ಈಗ ಕಾಯಂ ನೌಕರ. ಕಂಬಕ್ಕೆ ಒರಗಿ ಕೂತು ಆ ಪ್ರಶ್ನೆಗೆ ಬೈಯುತ್ತಾನೆ. ಅದು ಅರ್ಥವಾದ ಮೇಲೂ ಬೈಯುತ್ತಾನೆ. ಅಲ್ಲಿ ನಿಂತು ಕೂಗಬೇಕಾಗಿದ್ದ ಮಾತನ್ನು ಇಂದಿಗೂ ಕೂಗಿಲ್ಲ.